ಎಬ್ಬಿಸದೆ ಬಿಟ್ಟ ಪಾಳಿ

ಪಕ್ಕದ ಮನೆಗೆ ಹೋದ ವಾರ ಹೊಸ ಬಾಡಿಗೆದಾರರು ಬಂದರು. ಗಂಡ, ಹೆಂಡತಿ, ಒಂದು ಮಗು, ಮತ್ತು ಆ ಮೂವರನ್ನೂ ಒಳಗೆ ಕೂರಿಸಬಹುದಾದಷ್ಟು ದೊಡ್ಡ ಫ್ರಿಜ್ಜು. ಹಾಲು ಉಕ್ಕಿಸಿದ ಮಾರನೆಯ ದಿನವೇ ಆ ಯಜಮಾನರು ನಮ್ಮ ಗೇಟಿನ ಹತ್ತಿರ ಬಂದು ಒಂದು ಸಂದೇಹ ಕೇಳಿದರು. ಅಡುಗೆಮನೆಯ ಸೂರಿನಿಂದ ಒಂದು ಕೊಕ್ಕೆ ಇಳಿಬಿದ್ದಿದೆ, ಅದಕ್ಕೊಂದು ನೈಲಾನ್ ದಾರ ಕಟ್ಟಿದೆ, ಅದು ಏನು ಅಂತ. ಮುಖದಲ್ಲಿ ಗಾಬರಿ ಇತ್ತು. ವಾಸ್ತು ದೋಷಕ್ಕೆ ಕಟ್ಟಿದ್ದೋ, ಅದಕ್ಕಿಂತ ಕೆಟ್ಟದ್ದಕ್ಕೋ ಎಂದು ಅವರ ಮನೆಯವರು ಅಡುಗೆಮನೆಗೆ ಒಬ್ಬರೇ ಹೋಗುತ್ತಿಲ್ಲವಂತೆ. ಕಾಫಿ ಫಿಲ್ಟರ್ ನೇತುಹಾಕುವುದಕ್ಕೆ ಎಂದೆ. ನಾನು ಆಟ ಆಡಿಸುತ್ತಿದ್ದೇನೆಂದು ಅವರು ನಕ್ಕು ಹೊರಟುಹೋದರು. ಎನ್.ಆರ್. ಕಾಲೋನಿಯ ನಮ್ಮ ರಸ್ತೆಯಲ್ಲಿ ನನ್ನ ಹೆಸರು ಎಷ್ಟು ಕೆಟ್ಟಿದೆ ಅನ್ನುವುದು ಬಂದ ಎರಡೇ ದಿನಕ್ಕೆ ಅವರಿಗೂ ತಿಳಿದಿತ್ತು.

ನನ್ನ ಕಸುಬೇ ಅಂಥದ್ದು. ಮಿಮಿಕ್ರಿ ಮಾಡುತ್ತೇನೆ, ಜಾಹೀರಾತುಗಳಿಗೆ ಧ್ವನಿ ಕೊಡುತ್ತೇನೆ. ಟೂತ್‌ಪೇಸ್ಟಿನ ಒಂದು ಜಾಹೀರಾತಿನಲ್ಲಿ ಹಲ್ಲಿನೊಳಗಿನ ಹುಳು ಅಳುತ್ತದಲ್ಲ, ಅದು ನಾನೇ. ನಮ್ಮಮ್ಮ ನೆಂಟರ ಮುಂದೆ ಮಗ ಮೀಡಿಯಾದಲ್ಲಿದ್ದಾನೆ ಅನ್ನುತ್ತಾಳೆ. ಹುಳುವಿನ ವಿಷಯ ಎತ್ತುವುದಿಲ್ಲ.

ಫಿಲ್ಟರನ್ನು ಯಾಕೆ ನೇತುಹಾಕಬೇಕು ಎಂದು ಹೇಳಲು ಹೊರಟರೆ ಬಂಗಾಳ ಕೊಲ್ಲಿಯಿಂದ ಶುರು ಮಾಡಬೇಕು. ಹೊಸ ಬಾಡಿಗೆದಾರರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಆ ಕೊಕ್ಕೆ ಹಾಕಿಸಿದವರನ್ನು ನಾನು ಆಂಟಿ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ. ಹೆಸರು ಬರೆದರೆ ಎಲ್ಲಿದ್ದರೂ ಹೇಗೋ ಗೊತ್ತಾಗಿ ಫೋನ್ ಮಾಡಿ ಬೈಯುತ್ತಾರೆ. ಫೋನು ಅವರ ಸ್ವಂತ ಆಯುಧ, ಏಕೆಂದರೆ ಕೆಲಸದಲ್ಲಿದ್ದಾಗ ಅವರು ಟ್ರಂಕ್ ಕಾಲ್ ಆಪರೇಟರ್. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ಕಾಲದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮಾತಾಡಬೇಕಾದರೆ ನಡುವೆ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತು ಎರಡೂ ಕಡೆಯವರನ್ನು ಜೋಡಿಸುತ್ತಿದ್ದರು, ಮೂರು ನಿಮಿಷ ಆದ ಕೂಡಲೇ ಮಧ್ಯೆ ಬಾಯಿ ಹಾಕಿ ಮುಗಿಯಿತು ಅನ್ನುತ್ತಿದ್ದರು. ಸಾವಿನ ಸುದ್ದಿಗೂ ಮೂರೇ ನಿಮಿಷ, ಮದುವೆಯ ಮಾತುಕತೆಗೂ ಮೂರೇ ನಿಮಿಷ. ನಿವೃತ್ತಿಯಾದ ಮೇಲೂ ಆಂಟಿಗೆ ಆ ಅಭ್ಯಾಸ ಬಿಡಲಿಲ್ಲ. ಗೇಟಿನ ಬಳಿ ಯಾರಾದರೂ ಮಾತಿಗೆ ನಿಂತರೆ ಚೆನ್ನಾಗಿಯೇ ಮಾತಾಡುತ್ತಿದ್ದರು, ಇದ್ದಕ್ಕಿದ್ದಂತೆ "ಮೂರು ನಿಮಿಷ ಆಯ್ತು" ಎಂದು ಒಳಗೆ ಹೋಗಿಬಿಡುತ್ತಿದ್ದರು. ಕೋಪವೂ ಇಲ್ಲ, ಬೇಸರವೂ ಇಲ್ಲ. ನಮ್ಮ ರಸ್ತೆಯಲ್ಲಿ ಮಂಡಿನೋವಿನ ಕಥೆಯನ್ನು ಅರ್ಧಕ್ಕೇ ಬಿಟ್ಟು ನಿಂತವರು ಬೇಕಾದಷ್ಟು ಜನ ಇದ್ದಾರೆ.

ಅವರ ಧ್ವನಿಯನ್ನು ಅನುಕರಿಸಲು ನನಗೆ ಎಂದೂ ಆಗಲಿಲ್ಲ. ಮಿಮಿಕ್ರಿಯವನಿಗೆ ಹಿಡಿದುಕೊಳ್ಳಲು ಎಲ್ಲಾದರೂ ಒಂದು ಗಂಟು ಬೇಕು. ಉಗುಳು ನುಂಗುವುದೋ, ಮೂಗಿನಲ್ಲಿ ಎಳೆಯುವುದೋ, ಕೊನೆಯ ಅಕ್ಷರವನ್ನು ಜಗಿಯುವುದೋ, ಏನಾದರೂ ಒಂದು. ಆಂಟಿಯದು ತೊಳೆದಿಟ್ಟ ಸ್ಟೀಲ್ ಲೋಟದಂಥ ಧ್ವನಿ. ನಾನು ಎಷ್ಟು ಜಾರಿದರೂ ಅದು ಹಾಗೇ ಇರುತ್ತಿತ್ತು. ಅವರು ನನ್ನನ್ನು ಗಿಣಿ ಅನ್ನುತ್ತಿದ್ದರು. ಹೊಗಳಿಕೆ ಅಂತ ಬಹಳ ದಿನ ಅಂದುಕೊಂಡಿದ್ದೆ.

ಅವರ ಗಂಡ, ಅಂದರೆ ಅಂಕಲ್, ಮೈಯೆಲ್ಲಾ ಗಂಟು. ಗಂಟಲು ಕೆಮ್ಮಿ ಮಾತು ಶುರು, ಅಂಗೈ ಉಜ್ಜಿ ಮಾತು ಮುಕ್ತಾಯ. ಸರ್ಕಾರಿ ಕಚೇರಿಯಲ್ಲಿ ರಸ್ತೆ, ಸೇತುವೆಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಹುಡುಗಾಟದ ವಯಸ್ಸಿನಲ್ಲಿ ಕಾರವಾರಕ್ಕೆ ವರ್ಗವಾಗಿ, ಅಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತು, ಆ ಹುಚ್ಚನ್ನು ಜೋಪಾನವಾಗಿ ನಿವೃತ್ತಿಯ ತನಕ ಇಟ್ಟುಕೊಂಡಿದ್ದರು. ನಮ್ಮ ರಸ್ತೆಯ ಗಂಡಸರು ನಿವೃತ್ತರಾದರೆ ಅಸೋಸಿಯೇಷನ್ ಅಧ್ಯಕ್ಷರಾಗುತ್ತಾರೆ, ಇಲ್ಲವೆ ಸಕ್ಕರೆ ಕಾಯಿಲೆಯವರಾಗುತ್ತಾರೆ. ಅಂಕಲ್ ಮಲೇಷ್ಯಾ ಕಡೆಯ ಒಂದು ದ್ವೀಪದಲ್ಲಿ ಯಾರೋ ಮುದುಕ ನಾವಿಕ ಮಾರಾಟಕ್ಕಿಟ್ಟಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡರು. ಅದನ್ನು ತಾವೊಬ್ಬರೇ ಬಂಗಾಳ ಕೊಲ್ಲಿ ದಾಟಿಸಿ, ಶ್ರೀಲಂಕಾ ಸುತ್ತಿ, ಕೊಚ್ಚಿಗೆ ತರುತ್ತೇನೆ ಅಂದರು. ನೆಂಟರೆಲ್ಲ ಸೇರಿ ಅತ್ತು ಕರೆದು ಮಾಡಿದರೂ ಆಂಟಿ ಕೇಳಿದ್ದು ಒಂದೇ ಪ್ರಶ್ನೆಯಂತೆ. ನೀವು ಮಲಗಿದಾಗ ಸೀಟಲ್ಲಿ ಯಾರು? ಆಮೇಲೆ ಎರಡು ಚಳಿಗಾಲ ಇಬ್ಬರೂ ಕೊಚ್ಚಿಗೆ ಹೋಗಿ ಬಾಡಿಗೆ ದೋಣಿಯಲ್ಲಿ ಅಭ್ಯಾಸ ಮಾಡಿದರು. ಮೂರನೆಯ ಚಳಿಗಾಲ ಹೊರಟೇಬಿಟ್ಟರು.

ಹೊರಟವರು ಬೇಸಿಗೆಗೆ ವಾಪಸು ಬಂದರು. ದೋಣಿಯನ್ನು ಮಳೆಗಾಲಕ್ಕೆ ಕೊಚ್ಚಿಯಲ್ಲಿ ಕಟ್ಟಿ, ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಆಂಟಿ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಆಟೋದಿಂದ ಇಳಿದಾಗ ನಮ್ಮಮ್ಮ ಯಾರೋ ಸೇಲ್ಸ್‌ನವರು ಎಂದು ಬಾಗಿಲು ಹಾಕಿಕೊಂಡಳು.

ಅವರಲ್ಲಿ ಏನೋ ಬದಲಾಗಿದೆ ಎಂದು ಮೊದಲು ಗಮನಿಸಿದವನು ಹಾಲಿನವನು. ಯಾವ ಹೊತ್ತಿಗೆ ಬಾಗಿಲು ತಟ್ಟಿದರೂ ಒಬ್ಬರು ಪೂರ್ತಿ ಎಚ್ಚರ, ಇನ್ನೊಬ್ಬರು ಪೂರ್ತಿ ನಿದ್ದೆ ಅಂತ ಅವನು ಎಲ್ಲರ ಮನೆಯಲ್ಲೂ ಹೇಳಿಕೊಂಡು ಬಂದ. ನಿಜವೇ ಆಗಿತ್ತು. ಸಮುದ್ರದಲ್ಲಿ ಮೂರು ಮೂರು ಗಂಟೆಯ ಪಾಳಿ ಮಾಡಿಕೊಂಡಿದ್ದರಂತೆ, ಅದನ್ನೇ ಮನೆಯಲ್ಲೂ ಮುಂದುವರಿಸಿದ್ದರು. ಪಾಳಿ ಒಪ್ಪಿಸುವುದಕ್ಕೂ ಆಂಟಿಯ ಎಕ್ಸ್‌ಚೇಂಜಿನ ಕ್ರಮವೇ. ಎದ್ದುಹೋಗುವವರು ಒಂದೊಂದೇ ಹೇಳಬೇಕು, ಕೂರುವವರು ಅದನ್ನು ತಿರುಗಿ ಒಪ್ಪಿಸಬೇಕು, ಬದಲಿ ಬಂದು ಕೂರುವ ತನಕ ಸೀಟು ಬಿಡುವಂತಿಲ್ಲ. ನಮ್ಮ ಟೆರೇಸಿನಿಂದ ಕೇಳಿಸುತ್ತಿತ್ತು. ನೀರು ಬಂದಿಲ್ಲ. ಕುಕ್ಕರ್ ಎರಡು ಕೂಗಿದೆ, ಇನ್ನೊಂದು ಬಾಕಿ. ಎದುರುಮನೆಯವರ ಕಾರು ನಮ್ಮ ಗೇಟಿಗೆ ಅಡ್ಡ. ನನ್ನ ಬೆನ್ನು ಪರವಾಗಿಲ್ಲ. ಆಮೇಲೆ ಅದೇ ಪಾಠ ಇನ್ನೊಂದು ಧ್ವನಿಯಲ್ಲಿ.

ನನಗೆ ಕುತೂಹಲ ತಡೆಯಲಾಗುತ್ತಿರಲಿಲ್ಲ. ಸುತ್ತ ನೀರು, ನಡುವೆ ನಮ್ಮ ಹಜಾರದಷ್ಟು ಉದ್ದದ ದೋಣಿ, ಅದರಲ್ಲಿ ಬಸವನಗುಡಿ ಕಡೆಯ ಗಂಡಹೆಂಡತಿ. ದಿನವಿಡೀ ಏನು ಮಾಡುತ್ತಾರೆ? ನಾನೂ ನಮ್ಮಪ್ಪನೂ ಒಂದೇ ಕೋಣೆಯಲ್ಲಿ ಕ್ರಿಕೆಟ್ ನೋಡಿದರೆ ಹತ್ತು ಓವರಿಗೆ ಮನಸ್ತಾಪ.

ಅಂಕಲ್‌ನ ಕೇಳಿದರೆ ಪ್ರಯೋಜನವಿರಲಿಲ್ಲ. ಬೆಳಿಗ್ಗೆ ಕಹಳೆ ಬಂಡೆಯ ಪಾರ್ಕಿನಲ್ಲಿ ವಾಕಿಂಗ್ ಗುಂಪಿಗೆ ಅವರು ಕಥೆ ಹೇಳುತ್ತಿದ್ದರು. ಅದರಲ್ಲಿ ಡಾಲ್ಫಿನ್ ಇತ್ತು, ಬಿರುಗಾಳಿ ಇತ್ತು, ತೆಂಗಿನಮರದೆತ್ತರದ ಅಲೆ ಇತ್ತು. ಪ್ರತಿ ವಾರ ತೆಂಗಿನಮರ ಸ್ವಲ್ಪ ಬೆಳೆಯುತ್ತಿತ್ತು. ದಿನಚರಿ ಬೇಕಾದರೆ ಆಂಟಿಯನ್ನೇ ಹಿಡಿಯಬೇಕು, ಅದೂ ಮೂರು ಮೂರು ನಿಮಿಷದ ಕಂತಿನಲ್ಲಿ. ಆ ಬೇಸಿಗೆಯೆಲ್ಲ ನಾನು ಅದೇ ಕೆಲಸ ಮಾಡಿದೆ.

ಗಾಳಿ ಈಶಾನ್ಯದಿಂದ ಬಲಗಡೆಗೆ ಬಡಿಯುವುದರಿಂದ ದೋಣಿ ಯಾವಾಗಲೂ ಎಡಕ್ಕೆ ವಾಲಿಕೊಂಡೇ ಹೋಗುತ್ತದೆ. ಆದ್ದರಿಂದ ವಾರಗಟ್ಟಲೆ ಬದುಕೇ ಓರೆ. ಒಲೆಗೆ ತೂಗುಯ್ಯಾಲೆಯಂಥ ವ್ಯವಸ್ಥೆ ಇದೆ, ದೋಣಿ ವಾಲಿದರೂ ಅದು ನೆಟ್ಟಗಿರುತ್ತದೆ. ಕಾಫಿ ಫಿಲ್ಟರಿಗೆ ಇಲ್ಲ. ಮೊದಲ ದಿನ ಡಿಕಾಕ್ಷನ್ ಒಂದೇ ಮೂಲೆಗೆ ಸೇರಿ ಅರ್ಧ ಪುಡಿ ಒಣಗಿಯೇ ಉಳಿಯಿತಂತೆ. ಆಗ ದಾರ ಕಟ್ಟಿ ಸೂರಿಗೆ ನೇತುಹಾಕಿದರು, ದೋಣಿ ಎಷ್ಟು ಕುಣಿದರೂ ಫಿಲ್ಟರ್ ಗಡಿಯಾರದ ಲೋಲಕದ ಹಾಗೆ ತೂಗುತ್ತಾ ಹನಿ ಹನಿ ಇಳಿಸಿತು. ಮನೆಗೆ ಬಂದ ಮೇಲೆ ನೆಲ ಅಲ್ಲಾಡುವುದಿಲ್ಲವಲ್ಲ ಆಂಟಿ ಎಂದರೆ, ಅಭ್ಯಾಸ ತಪ್ಪಬಾರದು ಎಂದು ಮೇಸ್ತ್ರಿಯನ್ನು ಕರೆಸಿ ಕೊಕ್ಕೆ ಹಾಕಿಸಿದರು.

ಅಲ್ಲಿ ಇಡ್ಲಿಯಿಲ್ಲ. ದೋಸೆಹಿಟ್ಟು ಆ ಸೆಕೆಗೆ, ಆ ಕುಲುಕಾಟಕ್ಕೆ ಅರ್ಧ ದಿನದಲ್ಲಿ ಹುಳಿಯುಕ್ಕಿ ಮುಚ್ಚಳ ಹಾರಿಸಿ, ಅಂಕಲ್ ಬರೆದ ನಕ್ಷೆಯ ಮೇಲೆ ಹರಿದು ಸುಮಾತ್ರಾದ ಉತ್ತರ ಭಾಗವನ್ನು ಮುಳುಗಿಸಿತು. ಹೀಗಾಗಿ ಗೊಜ್ಜವಲಕ್ಕಿ, ಉಪ್ಪಿಟ್ಟು, ಚಟ್ನಿಪುಡಿ ಅನ್ನ. ತಟ್ಟೆಯಲ್ಲಿ ಹಾಕಿಕೊಂಡರೆ ಮಡಿಲಿಗೆ ಬರುತ್ತದೆ, ಆಳವಾದ ಬಟ್ಟಲಲ್ಲಿ, ಮೊಣಕಾಲಿನ ನಡುವೆ ಅವುಚಿಕೊಂಡು ತಿನ್ನಬೇಕು. ತರಕಾರಿಯಲ್ಲಿ ಬದನೆಕಾಯಿ ಮೊದಲು ಕೈಕೊಟ್ಟಿತು, ಸಿಹಿಗುಂಬಳ ಮಾತ್ರ ಕೊನೆಯ ತನಕ ಜೊತೆಗಿತ್ತು. ಅನ್ನಕ್ಕೆ ಉಪ್ಪು ಹಾಕುವ ಬದಲು ಒಂದು ಲೋಟ ಸಮುದ್ರದ ನೀರು. ಸ್ನಾನ ಬಕೆಟ್ಟಿನಲ್ಲಿ ಮೊಗೆದ ಸಮುದ್ರದ ನೀರಿನಲ್ಲಿ, ಕೊನೆಗೆ ಒಂದು ಚೊಂಬು ಒಳ್ಳೆಯ ನೀರು. ಮೇಲೆ ಹೋದಾಗಲೆಲ್ಲ ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗದಿಂದ ದೋಣಿಗೆ ಕಟ್ಟಿಕೊಳ್ಳಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತಂತೆ, ಆಮೇಲೆ ಹಗ್ಗವಿಲ್ಲದೆ ನಿಂತರೆ ಸೀರೆಯಿಲ್ಲದೆ ನಿಂತ ಹಾಗೆ ಅನಿಸತೊಡಗಿತು. ಇಲ್ಲಿ ರಂಗೋಲಿ ಹಾಕುವ ಹೊತ್ತಿಗೆ ಅಲ್ಲಿ ಆಂಟಿಗೆ ಬೇರೆ ಕೆಲಸ. ರಾತ್ರಿ ಹಾರಿ ಬಂದು ಬಿದ್ದು ಸತ್ತ ಹಾರುಮೀನುಗಳನ್ನು ಹಳೆಯ ಪೇಪರಿನಲ್ಲಿ ಎತ್ತಿ, ತಪ್ಪಾಯಿತಪ್ಪಾ ಎಂದು ನೀರಿಗೆ ಬಿಡುವುದು.

ಚುಕ್ಕಾಣಿ ಹಿಡಿದು ಕೂರುವ ಕೆಲಸ ಇರಲಿಲ್ಲ. ಗಾಳಿಯನ್ನು ನೋಡಿಕೊಂಡು ತಾನೇ ಚುಕ್ಕಾಣಿ ತಿರುಗಿಸುವ ಒಂದು ಯಂತ್ರ ದೋಣಿಯ ಹಿಂದೆ ಇತ್ತು. ಆಂಟಿ ಅದನ್ನು ಮೈದುನ ಅನ್ನುತ್ತಿದ್ದರು. ಹೇಳಿದ ಕೆಲಸ ಮಾಡುತ್ತಾನೆ, ಊಟ ಕೇಳುವುದಿಲ್ಲ, ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ, ಇಂಥ ಮೈದುನ ಯಾರಿಗೆ ಸಿಗುತ್ತಾನೆ ಅನ್ನುತ್ತಿದ್ದರು. ಆದರೆ ಮೈದುನನಿಗೆ ಕಣ್ಣಿಲ್ಲ. ಎದುರಿಗೆ ಹಡಗು ಬಂದರೆ ನೋಡಲು ಮನುಷ್ಯರೇ ಬೇಕು. ಪಾಳಿ ಅಂದರೆ ಅಷ್ಟೇ, ನೋಡುತ್ತಾ ಕೂರುವುದು.

ಹಾಗಾದರೆ ಇಬ್ಬರೂ ಮಾತಾಡಿಕೊಂಡಿದ್ದದ್ದು ಯಾವಾಗ? ಪಾಳಿ ಬದಲಾಗುವಾಗ. ಒಂದೇ ಲೋಟ ಕಾಫಿ, ಬೈಟು. ಅದು ಮುಗಿದರೆ ಒಬ್ಬರು ಕೆಳಗಿನ ಗೂಡಿಗೆ, ಉರುಳಿ ಬೀಳದಂತೆ ಬಟ್ಟೆ ಕಟ್ಟಿದ ಹಾಸಿಗೆಗೆ. ಅದೂ ಒಂದೇ ಹಾಸಿಗೆ, ಒಬ್ಬರ ಬಿಸಿ ಆರುವುದರೊಳಗೆ ಇನ್ನೊಬ್ಬರು. ಹನಿಮೂನಿನಂತಿತ್ತಾ ಆಂಟಿ ಎಂದು ನಾನು ಹಲ್ಲು ಕಿರಿದಾಗ ಅವರು ಯೋಚನೆ ಮಾಡಿ, ಇಲ್ಲಿ ದಿನವಿಡೀ ಎದುರಿಗಿದ್ದಾಗ ಇವರ ಮುಖ ಅಷ್ಟು ನೋಡಿರಲಿಲ್ಲ ಎಂದರು. ಅಷ್ಟು ಹೇಳಿ, ಮೂರು ನಿಮಿಷ ಆಯ್ತು ಎಂದು ಎದ್ದರು.

ಇನ್ನೊಂದು ವಿಷಯವನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಅದು ಇಡೀ ರಸ್ತೆಗೆ ಕೇಳಿಸುತ್ತಿತ್ತು. ಆಂಟಿ ಮಲಗಿದ್ದು ಅಂಕಲ್‌ದು ಪಾಳಿ ಇದ್ದಾಗ ಅವರು ವರಾಂಡದ ಕುರ್ಚಿಯಲ್ಲಿ ಕೂತು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದರು. ಹೂವಿನವಳು ಬಂದಳು. ಸೇವಂತಿಗೆ. ಆಟೋ ಹೋಯಿತು, ಖಾಲಿ. ಗೋಡೆ ಮೇಲೆ ಬೆಕ್ಕು, ಬಿಳಿಯದು. ಇನ್ನೊಂದು ಆಟೋ. ಅದೂ ಖಾಲಿ. ಮೂರು ಗಂಟೆ ಇದೇ ಪಾರಾಯಣ. ಪಾಪ, ಉಪ್ಪುನೀರು ತಲೆಗೇರಿದೆ ಎಂದು ಹಿರಿಯರು ಅಂದರು. ಮಿಮಿಕ್ರಿಯವನ ಮನೆಯ ಪಕ್ಕದಲ್ಲಿ ಇಂಥ ಮನುಷ್ಯ ಸಿಗುವುದೆಂದರೆ, ಗುರು, ಅದು ಪೂರ್ವಜನ್ಮದ ಪುಣ್ಯ. ನಾನು ಅಂಕಲ್‌ನ ಕಂಠಪಾಠ ಮಾಡಿದೆ. ಗಾಂಧಿಬಜಾರಿನ ದರ್ಶಿನಿಯಲ್ಲಿ ಗೆಳೆಯರು ಕಾಫಿ ಕೊಡಿಸಿ ಮಾಡಿಸುತ್ತಿದ್ದರು. ವೇಟರ್ ಬಂದ. ಲೋಟ ಎರಡು. ಸಾಂಬಾರ್ ಬಕೆಟ್ ಹೋಯಿತು, ಖಾಲಿ.

ನವೆಂಬರಿನಲ್ಲಿ ನಮ್ಮ ರಸ್ತೆಯ ರಾಜ್ಯೋತ್ಸವ. ಎರಡು ಲೈಟ್ ಕಂಬಗಳ ನಡುವೆ ವೇದಿಕೆ, ಹಳದಿ ಕೆಂಪು ಬಾವುಟ, ಮಕ್ಕಳ ನೃತ್ಯ, ಆಮೇಲೆ ನನ್ನ ಐಟಮ್ಮು. ಹಾಯಿದೋಣಿಯ ದಂಪತಿಯನ್ನೇ ಮಾಡಿದೆ. ಮುಂದಿನ ಸಾಲಿನಲ್ಲಿ ಇಬ್ಬರೂ ಕೂತಿದ್ದರು, ಅಂಕಲ್ ಮೊದಲೇ ನಗಲು ಶುರು ಮಾಡಿದ್ದರು. ಆಂಟಿಯ ಧ್ವನಿ ನನಗೆ ಬಾರದ್ದರಿಂದ ಅವರ ಪಾತ್ರಕ್ಕೆ ಒಂದು ದಿಂಬು ಇಟ್ಟಿದ್ದೆ. ವರದಿ ಆಯಿತು, ಬೈಟು ಆಯಿತು, ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಏನೋ ಒಂದು ಬೇಕಿತ್ತು. ಆ ಕ್ಷಣಕ್ಕೆ ಹೊಳೆದದ್ದನ್ನು ಮಾಡಿದೆ. ಪಾಳಿ ಮುಗಿದಿದೆ, ಅಂಕಲ್ ದಿಂಬನ್ನು ಎಬ್ಬಿಸಲು ಬಗ್ಗುತ್ತಾರೆ, ಗಡಿಯಾರ ನೋಡುತ್ತಾರೆ, ದಿಂಬನ್ನು ನೋಡುತ್ತಾರೆ, ಗಂಟಲು ಕೆಮ್ಮಿ, "ಪಾಪ, ಮಲಗಲಿ ಬಿಡಿ" ಎಂದು ಮೆಲ್ಲಗೆ ಹೊದಿಕೆ ಎಳೆಯುತ್ತಾರೆ. ಹೆಂಗಸರ ಸಾಲಿನಿಂದ ದೊಡ್ಡ ಚಪ್ಪಾಳೆ. ನೋಡಿ ಕಲಿತುಕೊಳ್ಳಿ ಎಂದು ಯಾರೋ ತಮ್ಮ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು.

ಅಂಕಲ್ ನಗುತ್ತಿರಲಿಲ್ಲ. ತಮ್ಮ ಚಪ್ಪಲಿ ನೋಡುತ್ತಿದ್ದರು. ಆಂಟಿ ಅಂಕಲ್‌ನ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಗೇಟಿನಿಂದ ಕರೆ ಬಂತು. ಗಿಣಿ, ಬಾ ಇಲ್ಲಿ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದರು. ಅಂಕಲ್ ಒಳಗೆ ಮಲಗಿದ್ದರು.

"ಅದನ್ನ ನಿಂಗೆ ಯಾರು ಹೇಳಿದ್ರು? ಇವರಾ?"

ಯಾವುದನ್ನು ಅಂತಲೇ ನನಗೆ ಮೊದಲು ಅರ್ಥವಾಗಲಿಲ್ಲ. ಯಾರೂ ಹೇಳಿಲ್ಲ, ಸುಮ್ಮನೆ ಕಟ್ಟಿದ್ದು ಎಂದು ಅಮ್ಮನ ಮೇಲೆ ಆಣೆ ಮಾಡಿದೆ.

"ಸುಮ್ನೆ ಹೆಂಗೆ ಹೊಳೆಯತ್ತೆ?"

"ಅಂಕಲ್ ಆಗಿದ್ರೆ ಹಾಗೇ ಮಾಡ್ತಾರೆ ಅನ್ನಿಸ್ತು ಆಂಟಿ."

ಅವರು ತೂಗುತ್ತಿದ್ದ ಫಿಲ್ಟರನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಆಮೇಲೆ, "ಹೂಂ. ಹಾಗೇ ಮಾಡಿದ್ರು" ಎಂದರು. ಅಂದು ಮೂರು ನಿಮಿಷದ ಲೆಕ್ಕ ಇರಲಿಲ್ಲ.

ಅಂಡಮಾನ್ ದಾಟಿ, ದೊಡ್ಡ ಹಡಗುಗಳು ಸಾಲಾಗಿ ಓಡಾಡುವ ದಾರಿಯಲ್ಲಿ ಹೋಗುತ್ತಿದ್ದ ಕಾಲ. ಹಿಂದಿನ ದಿನ ಹಾಯಿ ಇಳಿಸಿ ಏರಿಸಿ ಆಂಟಿ ಸುಸ್ತಾಗಿದ್ದರು. ಮಧ್ಯಾಹ್ನ ಅವರು ಮಲಗುವ ಸರದಿ, ಅಂಕಲ್ ಪಾಳಿ. ಹತ್ತಿರ ಹಡಗು ಬಂದರೆ ಕೂಗುವ ಒಂದು ಪೆಟ್ಟಿಗೆ ಇತ್ತು. ಅದು ಮತ್ತೆ ಮತ್ತೆ ಕೂಗಿ ಹೆಂಡತಿಯ ನಿದ್ದೆ ಕೆಡಿಸುತ್ತದೆ, ತಾನು ಹೇಗೂ ನೋಡುತ್ತಿದ್ದೇನಲ್ಲ ಎಂದು ಅಂಕಲ್ ಅದರ ಬಾಯಿ ಮುಚ್ಚಿದರು. ಪಾಳಿ ಮುಗಿಯಿತು. ಕೆಳಗೆ ಬಗ್ಗಿ ನೋಡಿದರು. ಆಂಟಿ ಬಾಯಿ ತೆರೆದು ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದರು. ಪಾಪ ಅನ್ನಿಸಿತು. ಇನ್ನೊಂದು ಪಾಳಿ ತಾವೇ ಕೂತರು.

ಆಂಟಿಗೆ ಎಚ್ಚರವಾದದ್ದು ತಾನಾಗಿಯೇ. ಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ಪಾಳಿ ಬದಲಾಗುವ ಹೊತ್ತಿಗೆ ಅಕ್ಕಿ ಡಬ್ಬದ ಮೇಲಿರಬೇಕು. ಅಂದು ಅದು ಮೇಲಿನ ಪುಸ್ತಕದ ಹಲಗೆಗೆ ಏರಿತ್ತು. ಮೆಟ್ಟಿಲು ಹತ್ತಿ ತಲೆ ಹೊರಗೆ ಹಾಕಿದರೆ ಅಂಕಲ್ ಕೂತಲ್ಲೇ ನಿದ್ದೆ ಹೋಗಿದ್ದಾರೆ, ಟೋಪಿ ಕಾಲ ಬಳಿ ಬಿದ್ದಿದೆ. ಅವರ ತಲೆಯ ಹಿಂದೆ ಆಕಾಶ ಇರಬೇಕಾದ ಕಡೆ ಗೋಡೆ ಇದೆ. ತುಕ್ಕು ಹಿಡಿದ ಕೆಂಪು ಗೋಡೆ, ಚಲಿಸುತ್ತಿದೆ. ಹಡಗು. ಅದರ ಅಂಚಿನಲ್ಲಿ ಏಪ್ರನ್ ಹಾಕಿದ ಅಡುಗೆಯವನೊಬ್ಬ ತರಕಾರಿ ಸಿಪ್ಪೆಯ ಬಕೆಟ್ ಸುರಿಯುತ್ತಾ ನಿಂತಿದ್ದ. ಇವರನ್ನು ಕಂಡು ಕೈ ಬೀಸಿದ. ಏನು ಮಾಡಲೂ ತೋಚದೆ ಆಂಟಿಯೂ ಕೈ ಬೀಸಿದರು. ಆಮೇಲೆ ಹಡಗಿನ ಅಲೆ ಬಂದು ದೋಣಿಯನ್ನು ಎತ್ತಿ ಒಗೆದಾಗ ಅಂಕಲ್‌ಗೆ ಎಚ್ಚರವಾಯಿತು.

"ಇಷ್ಟು ವರ್ಷದ ಸಂಸಾರದಲ್ಲಿ ಒಂದಿನ, ಕಾಫಿ ಆಮೇಲೆ ಮಾಡು, ಇನ್ನೊಂಚೂರು ಮಲಗು ಅಂದೋರಲ್ಲ ಕಣೋ," ಎಂದರು ಆಂಟಿ. "ಹೋಗಿ ಹೋಗಿ ಅಲ್ಲಿ ಪಾಪ ಅನ್ನಿಸ್ತಂತೆ."

ಬೈಯಲಿಲ್ಲವೇ ಎಂದು ಕೇಳಿದೆ. ಬೈದಿದ್ದರೆ ಒಳ್ಳೆಯದಿತ್ತು ಎಂದರು. ಬೈಯಲಿಲ್ಲ, ಸೀಟಿನಲ್ಲಿ ಕೂತರು, ವರದಿ ಕೇಳಿದರು. ಆದರೆ ಅಂದಿನಿಂದ ಅವರಿಗೆ ಅಂಕಲ್ ಪಾಳಿಯಲ್ಲಿ ನಿದ್ದೆ ಬರುವುದು ನಿಂತುಹೋಯಿತು. ಕಣ್ಣು ಮುಚ್ಚುತ್ತಾರೆ, ಕಿವಿ ಮುಚ್ಚುವುದಿಲ್ಲ. ಮೇಲೆ ಸದ್ದಿಲ್ಲ ಅಂದರೆ ಇವರು ಮಲಗಿರಬಹುದು, ಹೋಗಿ ನೋಡಬೇಕು. ನೋಡಿದರೆ ಎಚ್ಚರವಾಗಿಯೇ ಇರುತ್ತಾರೆ. ಮತ್ತೆ ಮಲಗಿದರೆ ಮತ್ತೆ ಅದೇ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರಿಗೆ ನಿದ್ದೆಯಿಲ್ಲ ಅಂದರೆ ಕಾಯುವವರು ಯಾರೂ ಇಲ್ಲ ಅಂತ ಅರ್ಥ. ದಿನಗಳು ಕಳೆದಂತೆ ದೋಣಿಯ ಮೈಗೆ ಒರಸಿಕೊಂಡು ಹೋಗುವ ನೀರಿನಲ್ಲಿ ಅವರಿಗೆ ಮಾತು ಕೇಳಿಸತೊಡಗಿತು. ಹಲೋ ಮೈಸೂರಾ, ಯಾಕೆ ಲೈನ್ ಕೊಡ್ತಿಲ್ಲ ಎಂದು ಯಾರೋ ಹೆಂಗಸು ಬೇಡಿಕೊಳ್ಳುತ್ತಿದ್ದಳಂತೆ. ಒಮ್ಮೆ ಸೊಂಟದ ಹಗ್ಗ ಕಟ್ಟಿಕೊಳ್ಳುವುದನ್ನು ಮರೆತು ಮುಂದಿನ ತುದಿಯ ತನಕ ನಡೆದುಹೋಗಿದ್ದರು.

ಅಂದು ಅಂಕಲ್ ಮಾತಾಡಲು ಶುರು ಮಾಡಿದರು. ಯಾರೂ ಹೇಳಿಕೊಟ್ಟದ್ದಲ್ಲ. ಮೇಲೆ ಕೂತು ಗಂಟಲು ಕೆಮ್ಮಿ, ಸಂಕೋಚದಿಂದ, ಅಲೆ ಅಂದರು. ಇನ್ನೊಂದು ಅಲೆ ಅಂದರು. ಮೋಡ, ಎಡಗಡೆ, ಸಣ್ಣದು ಅಂದರು. ಕೆಳಗೆ ಮಲಗಿ ಕೇಳುತ್ತಿದ್ದ ಆಂಟಿಗೆ ಹತ್ತನೆಯ ಅಲೆಯೋ ಇಪ್ಪತ್ತನೆಯದೋ ನೆನಪಿಲ್ಲ, ನಿದ್ದೆ ಬಂತು. ಕೊಚ್ಚಿಯ ತನಕ ಹಾಗೇ ಬಂದರು. ಮನೆಗೆ ಬಂದ ಮೇಲೂ ಅದಿಲ್ಲದೆ ಅವರಿಗೆ ನಿದ್ದೆಯಿಲ್ಲ.

ನಾನು ದರ್ಶಿನಿಯಲ್ಲಿ ಅದೇ ಪಾರಾಯಣ ಮಾಡಿ ಕುಡಿದ ಕಾಫಿಗಳು ನೆನಪಾಗಿ ಸ್ಟೂಲಿನ ಮೇಲೆ ಸ್ವಲ್ಪ ಚಿಕ್ಕವನಾದೆ.

ಮತ್ತೆ ಹೋಗುತ್ತೀರಾ ಎಂದು ಕೇಳಿದೆ. ಅಂಕಲ್‌ಗೆ ಜನವರಿಯೊಳಗೆ ದೋಣಿ ಬಿಚ್ಚಿ ಮಾಲ್ಡೀವ್ಸ್ ಕಡೆಗೆ ಹೊರಡುವ ಆಸೆ ಇತ್ತು, ಗಾಳಿ ಆಗಲೇ ಅನುಕೂಲ. ಆದರೆ ನನಗೆ ಆಶ್ಚರ್ಯವಾದದ್ದು ಅದಲ್ಲ. ಅಂಕಲ್‌ಗಿಂತ ಆಂಟಿಗೇ ಹೆಚ್ಚು ಬೇಕಾಗಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಬೇರೆಯವರ ಮಾತು ಜೋಡಿಸಿದ್ದಾಯಿತು, ಅಲ್ಲಿ ಬೆಳಗಿನ ಪಾಳಿಯಲ್ಲಿ ಸೂರ್ಯ ಹುಟ್ಟುವಾಗ ಯಾರೂ ಲೈನ್ ಕೇಳುವುದಿಲ್ಲ ಎಂದರು. ಅದನ್ನು ಹೇಳುವಾಗ ಆ ಸ್ಟೀಲ್ ಲೋಟದ ಧ್ವನಿಯಲ್ಲಿ ಮೊದಲ ಸಲ ಒಂದು ಸಣ್ಣ ತಗ್ಗು ಕಾಣಿಸಿತು.

"ಆದ್ರೆ ಬಿರುಗಾಳೀಲಿ ಇವರ ಮಾತು ಕೆಳಗೆ ಕೇಳ್ಸಲ್ಲ. ಇವರಿಗೆ ಗಂಟ್ಲು ಕಟ್ಟಿದ್ರೂ ಕಷ್ಟ. ಇವರು ಸುಮ್ನೆ ಕೂತಿದ್ದಾಗ ನಂಗೆ ನಿದ್ದೆ ಬರ್ಬೇಕು. ಬಂದ್ರೆ ಹೋಗೋಣ. ಬರ್ಲಿಲ್ವಾ, ದೋಣಿ ಮಾರಿಬಿಡಿ ಅಂದಿದೀನಿ."

ಮುಂದಿನ ವಾರಗಳನ್ನು ನಾನು ಟೆಸ್ಟ್ ಮ್ಯಾಚಿನ ಹಾಗೆ ನೋಡಿದೆ. ಮಧ್ಯಾಹ್ನ ಊಟವಾದ ಮೇಲೆ ಆಂಟಿ ಒಳಗೆ ಹೋಗುತ್ತಿದ್ದರು, ಅಂಕಲ್ ಬಾಯಿ ಬಿಗಿದು ವರಾಂಡದಲ್ಲಿ ಕೂರುತ್ತಿದ್ದರು. ಅರ್ಧ ಗಂಟೆಗೆಲ್ಲ ಆಂಟಿ ಕೆಂಪು ಕಣ್ಣಿನಲ್ಲಿ ಹೊರಗೆ ಬಂದು ಇಣುಕುತ್ತಿದ್ದರು. ಅಂಕಲ್ ತಿರುಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಹೂವಿನವಳು ಬಂದಳು. ಅಷ್ಟರಲ್ಲಿ ಕೊಚ್ಚಿಯಿಂದ ದೋಣಿ ಕೊಳ್ಳುವವರೊಬ್ಬರು ಎರಡು ಸಲ ಫೋನ್ ಮಾಡಿದ್ದರು. ಅಂಕಲ್ ಪಾರ್ಕಿನಲ್ಲಿ ತೆಂಗಿನಮರದ ಅಲೆಯ ಕಥೆ ಹೇಳುವುದನ್ನು ನಿಲ್ಲಿಸಿದರು.

ಡಿಸೆಂಬರಿನ ಒಂದು ಮಧ್ಯಾಹ್ನ ಅಮ್ಮ ಹಿತಕಿದ ಅವರೆಬೇಳೆ ಹುಳಿ ಮಾಡಿ ಪಕ್ಕದ ಮನೆಗೆ ಕೊಟ್ಟು ಬಾ ಎಂದಳು. ಹೋದೆ. ಅಂಕಲ್ ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ನನ್ನನ್ನು ಕಂಡು ಕೈಯೆತ್ತಿ ನಿಲ್ಲಿಸಿದರು. ಒಳಗಿನಿಂದ ಗೊರಕೆ ಬರುತ್ತಿತ್ತು. ಗೊರಕೆಯ ವಿಷಯದಲ್ಲಿ ನಾನು ಮೋಸ ಹೋಗುವುದಿಲ್ಲ, ನಕಲಿ ಗೊರಕೆಗೆ ನನಗೆ ದುಡ್ಡು ಕೊಡುತ್ತಾರೆ. ಇದು ಅಸಲಿ. ಉಸಿರು ಒಳಗೆ ಹೋಗುವಾಗ ಒಂದು ಕಡೆ ಸಿಕ್ಕಿಕೊಂಡು ಆಮೇಲೆ ಬಿಡುತ್ತಿತ್ತು. ಹೂವಿನವಳು ಗೇಟಿನ ಮುಂದೆ ಹಾದುಹೋದಳು. ಅಂಕಲ್ ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ.

ನಾನು ಹುಳಿಯ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಡಬ್ಬಿ ತಣ್ಣಗಾಯಿತು. ಒಳಗೆ ಗಡಿಯಾರ ಬಡಿಯಿತು. ಪಾಳಿ ಮುಗಿದಿತ್ತು.

ಅಂಕಲ್ ಎದ್ದರು. ಬಾಗಿಲ ತನಕ ಹೋಗಿ ನಿಂತರು. ಒಳಗೆ ನೋಡಿದರು. ಇಷ್ಟು ತಿಂಗಳ ನಂತರ ಬಂದ ನಿದ್ದೆ. ನಾನೂ ಎದ್ದು ಹೋಗಿ ಪಿಸುಗುಟ್ಟಿದೆ. ಅಂಕಲ್, ಇನ್ನರ್ಧ ಗಂಟೆ ಮಲಗಲಿ, ಎನ್.ಆರ್. ಕಾಲೋನಿಗೆ ಯಾವ ಹಡಗು ಬರುತ್ತೆ? ಅವರು ತಿರುಗಿ ನನ್ನನ್ನು ನೋಡಿದರು. ನಾನು ವೇದಿಕೆಯ ಮೇಲೆ ಮಾಡಿದ್ದ ಮುಖ ಅದೇ, ಪಾಪ ಎಂದು ಕರಗುವ ಮುಖ. ಅಷ್ಟು ಚೆನ್ನಾಗಿ ನಾನು ಮಾಡಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು.

ಆಮೇಲೆ ಅವರು ಒಳಗೆ ಹೋದರು. ಹಾಸಿಗೆಯ ಬಳಿ ಬಗ್ಗಿ ಆಂಟಿಯ ಕಾಲ್ಬೆರಳನ್ನು ಒತ್ತಿದರು.

"ಏಳೇ. ನಿನ್ನ ಪಾಳಿ."

ಗೊರಕೆ ನಿಂತಿತು. ಆಂಟಿ ಹೊರಗೆ ಬಂದಾಗ ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು, ಕತ್ತರಿಸಿದ ಕೂದಲು ಒಂದು ಕಡೆಗೆ ಎದ್ದು ನಿಂತಿತ್ತು. ಗಡಿಯಾರ ನೋಡಿದರು. ಅಂಕಲ್‌ನ ನೋಡಿದರು. ಕುರ್ಚಿಯ ಪಕ್ಕ ನಿಂತು ವರದಿ ಕೇಳಿದರು. ಅಂಕಲ್ ಹೇಳಿದರು: ನೀರು ಬಂದು ಹೋಯಿತು. ಹಾಲು ಫ್ರಿಜ್ಜಿನಲ್ಲಿದೆ. ಪಕ್ಕದ ಮನೆಯ ಹುಳಿ ಬಂದಿದೆ, ತಂದವನು ಇನ್ನೂ ಹೋಗಿಲ್ಲ. ನನ್ನ ಮೈ ಪರವಾಗಿಲ್ಲ. ಆಂಟಿ ಅದನ್ನೆಲ್ಲ ಒಂದೂ ಬಿಡದೆ ತಿರುಗಿ ಒಪ್ಪಿಸಿ ಸೀಟಿನಲ್ಲಿ ಕೂತರು. ಅಂಕಲ್ ಒಳಗೆ ಹೋಗಿ ಅದೇ ಬಿಸಿ ಹಾಸಿಗೆಯಲ್ಲಿ ಮಲಗಿದರು.

ಸ್ವಲ್ಪ ಹೊತ್ತು ರಸ್ತೆ ನೋಡಿದ ಮೇಲೆ ಆಂಟಿ ನನ್ನ ಕಡೆ ತಿರುಗದೆಯೇ, ಎರ್ನಾಕುಲಂ ಟ್ರೇನಿಗೆ ಎರಡು ಟಿಕೆಟ್ ಸಿಗತ್ತಾ ನೋಡು ಎಂದರು.

ಫೋನ್ ತೆಗೆದು ನೋಡಿದೆ. ಶಬರಿಮಲೆಯ ಸೀಸನ್ನು, ಟ್ರೇನುಗಳೆಲ್ಲ ತುಂಬಿದ್ದವು. ಒಂದು ಬರ್ತ್ ಮಾತ್ರ ಇದೆ ಆಂಟಿ, ಇನ್ನೊಬ್ಬರು ರಾತ್ರಿಯೆಲ್ಲ ಕೂತೇ ಹೋಗಬೇಕು, ಒಂದು ವಾರ ಬಿಟ್ಟು ನೋಡೋಣ್ವಾ ಎಂದೆ.

"ಆ ಒಂದು ಬರ್ತನ್ನೇ ಮಾಡು," ಎಂದರು ಆಂಟಿ. "ನಾವಿಬ್ರೂ ಒಟ್ಟಿಗೆ ಯಾವಾಗ ಮಲಗ್ತೀವಿ?"